ಎಡಮೊಲೆಯ ಹಾಲು

ಹೋದ ವಾರ ಮೊಮ್ಮಗನ ಹೆಂಡತಿ ಆಡಿನ ಹಾಲು ಒಡೆಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಳು. ಪುಣೆಯಲ್ಲಿ ಯಾರೋ ಕಲಿಸಿದರಂತೆ. ಕೆಳಗಿಟ್ಟ ಬೋಗುಣಿಗೆ ನೀರು ಹನಿಯುತ್ತಿತ್ತು. ಕಟ್ಟೆಯ ಮೇಲಿಂದ ಎದ್ದು ಒಳಗೆ ಬಂದವಳು ವಾಸನೆ ಹತ್ತಿದ ಕೂಡಲೆ ಬಾಗಿಲಲ್ಲೇ ನಿಂತೆ. ಮೊದಲು ಹುಳಿ, ಆಮೇಲೆ ಉಪ್ಪು, ಅದರ ಹಿಂದೆ ಆಡಿನ ಮೈವಾಸನೆ. ಇದನ್ನು ಮನೆಯಿಂದ ಆಚೆ ಒಯ್ಯಿ ಎಂದೆ. ಅಜ್ಜಿಗೆ ವಾಕರಿಕೆ ಬಂತೆಂದು ತಿಳಿದು ಹುಡುಗಿ ಲಿಂಬೆಹಣ್ಣು ತಂದುಕೊಟ್ಟಳು. ವಾಕರಿಕೆ ಅಲ್ಲ, ಅಂಜಿಕೆ. ಎಂಬತ್ತು ದಾಟಿದ ಮೇಲೆ ಹಾವು, ಕಳ್ಳರು, ಸಾವು ಯಾವುದಕ್ಕೂ ನಾನು ಅಂಜುವುದಿಲ್ಲ. ಈ ವಾಸನೆಗೆ ಮಾತ್ರ ಇನ್ನೂ ಅಂಜುತ್ತೇನೆ.

ಅರವತ್ತು ವರ್ಷದ ಹಿಂದಿನ ಮಾತು. ಇಂಗ್ಲಿಷರು ಇನ್ನೂ ಇದ್ದರು, ಅಕ್ಕಲಕೋಟೆಯಲ್ಲಿ ರಾಜರಿದ್ದರು. ನನ್ನ ಗಂಡನ ಊರು ಚಪಳಗಾಂವ. ಒಂದಿಷ್ಟು ಎರೆಹೊಲ, ಉಳಿದದ್ದೆಲ್ಲ ಕುರಿ ಮತ್ತು ಆಡು. ದಸರೆ ಮುಗಿದ ಮೇಲೆ ನಮ್ಮವರು ಹಿಂಡು ಹೊಡೆದುಕೊಂಡು ಮಂದ್ರೂಪದ ಕಡೆ ಹೋಗುತ್ತಿದ್ದರು. ಸಜ್ಜೆ ಕೊಯ್ದು ಬರಿದಾದ ಹೊಲಗಳಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಹೊಲದವರಿಂದ ಜೋಳ. ಆ ವರ್ಷ ಸೊಲ್ಲಾಪುರದ ಹತ್ತಿರದಲ್ಲೇ ಒಬ್ಬರ ಹೊಲ ಸಿಕ್ಕಿತು. ಪಾಳಿ ಬದಲಾಗುವಾಗ ಬಟ್ಟೆ ಗಿರಣಿಯವರು ಕೂಗಿಸುವ ಭೋಂಗಾ ನಮ್ಮ ಗುಡಿಸಲಿಗೆ ಕೇಳುತ್ತಿತ್ತು. ಬೆಳಗಿನ ಭೋಂಗಾ ಕೂಗಿದರೆ ಹಾಲು ಹಿಂಡುವುದು, ಸಂಜೆಯದು ಕೂಗಿದರೆ ಮತ್ತೆ ಹಿಂಡುವುದು. ಅತ್ತೆ, ಮಾವ, ನನ್ನ ಗಂಡ, ನಾನು, ಇಷ್ಟೇ ಮಂದಿ. ಗಂಡಸರು ಹಿಂಡು ಮೇಯಿಸಲು ಹೋಗುತ್ತಿದ್ದರು. ಅತ್ತೆ ಅಡುಗೆ ಮಾಡಿ ಉಣ್ಣೆ ನೂಲುತ್ತಿದ್ದರು. ಹಾಲು ಹಿಂಡುವ ಕೆಲಸ ಮತ್ತು ಮರಿಗಳ ಕಾವಲು ನನ್ನದು. ಹದಿನಾಲ್ಕು ಹಾಲಿನ ಆಡುಗಳಿದ್ದವು.

ನನ್ನ ಹೊಟ್ಟೆಯಲ್ಲಿ ನಾಲ್ಕು ತಿಂಗಳಿನದಿತ್ತು. ಅದು ಎರಡನೆಯದು. ಮೊದಲನೆಯದು ಹಿಂದಿನ ವರ್ಷ ಚಪಳಗಾಂವದಲ್ಲಿ ಎರಡು ದಿನ ಬೇನೆ ತಿನ್ನಿಸಿ, ಮೂರನೆಯ ದಿನ ನೀಲಿಯಾಗಿ ಬಂತು. ಗಂಡು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಮುಖ ತೋರಿಸು ಎಂದರೆ ತೋರಿಸಲಿಲ್ಲ, ಬಟ್ಟೆಯಿಂದ ಹೊರಗೆ ಜೋತ ಒಂದು ನೀಲಿ ಕೈ ಮಾತ್ರ ಕಂಡಿತು. ಅದಾದ ಮೇಲೆ ನನಗೆ ಒಂದೇ ಯೋಚನೆ: ಇದನ್ನೂ ಹಾಗೆ ಒಯ್ಯುತ್ತಾರೆ. ಯಾರ ಮುಂದೆಯೂ ಆಡಲಿಲ್ಲ. ಅಂಜಿಕೆ ಆಡಿದರೆ ಅದು ನಿಜವಾಗುತ್ತದೆ ಎಂದು ಅಂಜಿಕೆ.

ದೀಪಾವಳಿ ಆದ ಮೇಲೆ ಒಂದು ದಿನ ಕರಿ ಕೋಟು ಹಾಕಿದ ಮನುಷ್ಯನೊಬ್ಬ ಬದುವಿನ ಮೇಲೆ ನಿಂತು ನಮ್ಮ ಆಡುಗಳನ್ನು ನೋಡುತ್ತಿದ್ದ. ಹೆಸರು ಇನಾಸ. ಗೋವೆಯವನು. ಸೊಲ್ಲಾಪುರದ ಹೆಣ್ಣುಮಕ್ಕಳ ದವಾಖಾನೆಯ ಬಿಳಿ ಡಾಕ್ಟರಮ್ಮನಿಗೆ, ಮಂದಿ ಡಾಕ್ಟರ್ ಬಾಯಿ ಎನ್ನುವವರಿಗೆ, ಅಡುಗೆ ಮಾಡುವವನು. ಅವರ ನಾಡಿನಲ್ಲಿ ಆಡಿನ ಹಾಲನ್ನು ಒಡೆಸಿ, ಉಪ್ಪು ಹಚ್ಚಿ ಗಡ್ಡೆ ಕಟ್ಟಿ ತಿನ್ನುತ್ತಾರಂತೆ. ಅವನು ಅದಕ್ಕೆ ಕೇಜ್ ಎನ್ನುತ್ತಿದ್ದ, ನಾವು ಗಡ್ಡಿ ಎಂದೆವು. ಪೇಟೆಗೆ ಬರುವ ಹಾಲು ದಾರಿಯಲ್ಲೇ ಹುಳಿಯಾಗುತ್ತದೆ, ಹಿಂಡಿದ ಬಿಸಿಗೇ ಒಡೆಸಬೇಕು, ನೀವು ಮಾಡಿ ಕೊಡುತ್ತೀರಾ ಎಂದು ಕೇಳಿದ. ಅತ್ತೆ ಮುಖ ಕಿವುಚಿದರು. ಒಡೆದ ಹಾಲನ್ನು ನಾವು ಬದುವಿಗೆ ಚೆಲ್ಲುವವರು, ಬೇಕೆಂದು ಒಡೆಸುವವರಲ್ಲ. ಅವರು ಬೇಡ ಎನ್ನುವುದರಲ್ಲಿದ್ದರು, ಅಷ್ಟರಲ್ಲಿ ನಾನು ಡಾಕ್ಟರ್ ಬಾಯಿ ಹೆರಿಗೆ ಮಾಡಿಸುತ್ತಾರೇನು ಎಂದು ಕೇಳಿಬಿಟ್ಟೆ.

ಇನಾಸ ನನ್ನ ಹೊಟ್ಟೆ ನೋಡಿದ. ಅವನು ಒಳ್ಳೆಯ ಮಾತುಗಾರ.

"ಮಾಡ್ಸೂದೇ ಅವರ ಕೆಲಸ, ತಂಗಿ. ಆದರ ಮಲಗಿಸೂ ಖಾಟು ಕಮ್ಮಿ ಅದಾವ. ಡಾಕ್ಟರ್ ಬಾಯಿಗೆ ಗುರ್ತಿದ್ದವರಿಗೆ ಒಳಗ ಖಾಟು, ಉಳಿದವರು ಹೊರಗ ಪಡಸಾಲ್ಯಾಗ. ನೀ ಗಡ್ಡಿ ಮಾಡು, ನಿನ್ನ ಹೆಸರು ನಾ ಅವರ ಕಿವ್ಯಾಗ ಹಾಕ್ತೀನಿ."

ಅಷ್ಟು ಸಾಕಾಯಿತು ನನಗೆ.

ಕೆಲಸ ಅವನೇ ಕಲಿಸಿದ. ಹಾಲು ಕುಡಿಯುವ ಮರಿಯ ಹೊಟ್ಟೆಯ ಚೀಲವನ್ನು ಒಣಗಿಸಿ, ಬೆರಳುದ್ದದ ಚೂರು ಮಾಡಿ, ಉಪ್ಪುನೀರಿನಲ್ಲಿ ನೆನೆಹಾಕಬೇಕು. ಆ ನೀರು ಒಂದು ಚಮಚ ಬಿದ್ದರೆ ಒಂದು ಕೊಡ ಹಾಲು ಹೆಪ್ಪುಗಟ್ಟುತ್ತದೆ. ಚೀಲವನ್ನು ಅವನು ಕುರಿ ಕೊಯ್ಯುವ ಖಟೀಕರ ಓಣಿಯಿಂದ ತಂದುಕೊಟ್ಟ. ಕಟ್ಟಿದ ಹಾಲನ್ನು ಚಾಕುವಿನಿಂದ ಕೊಯ್ದು, ಬಟ್ಟೆಗೆ ಸುರಿದು, ನೀರು ಬಸಿದ ಮೇಲೆ ಸಣ್ಣ ಬುಟ್ಟಿಗೆ ಒತ್ತಬೇಕು. ಜೋಳದ ದಂಟಿನ ಮೇಲಿಟ್ಟು ದಿನಾ ಮಗ್ಗುಲು ಬದಲಿಸಬೇಕು, ಉಪ್ಪು ಸವರಬೇಕು. ಎಂಟು ದಿನಕ್ಕೆ ಮೇಲೆ ಬೆಳ್ಳಗೆ ಬೂಷ್ಟು ಬರುತ್ತದೆ. ನಾನು ಕೆಟ್ಟಿತು ಎಂದು ಚೆಲ್ಲಲು ಹೋದರೆ ಅವನು ಓಡಿಬಂದು ಕಸಿದುಕೊಂಡ. ಅದೇ ಅದರ ಚೊಲೋತನವಂತೆ. ಅತ್ತೆ ಗುಡಿಸಲಿನೊಳಗೆ ಅದನ್ನು ಬರಗೊಡಲಿಲ್ಲ. ಬೇವಿನ ಮರದ ಕೆಳಗೆ ದಂಟಿನಿಂದ ಒಂದು ಸಣ್ಣ ಮರೆ ಕಟ್ಟಿಕೊಂಡೆ. ಚಳಿ ಚೆನ್ನಾಗಿ ಬಿದ್ದಿತ್ತು, ಗಡ್ಡೆ ಕೆಡಲಿಲ್ಲ. ಇನಾಸ ವಾರಕ್ಕೆರಡು ಸಲ ಸೈಕಲ್ ಮೇಲೆ ಬಂದು ಒಯ್ಯುತ್ತಿದ್ದ. ಡಾಕ್ಟರ್ ಬಾಯಿ ಬಹಳ ಖುಷಿಯಾಗಿದ್ದಾರೆ ಎನ್ನುತ್ತಿದ್ದ. ನನ್ನ ಹೆಸರು ಕೇಳಿದರೇನು ಎಂದರೆ, ದಿನಾ ಕೇಳುತ್ತಾರೆ ಎನ್ನುತ್ತಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಆಡಿಗೆ ಎರಡೇ ಮೊಲೆ. ನಮ್ಮ ಮನೆತನದಲ್ಲಿ ಬಲಮೊಲೆಯ ಹಾಲು ಮನೆಗೆ, ಎಡಮೊಲೆಯದು ಮನೆದೇವರು ಬೀರಪ್ಪನಿಗೆ. ಬೀರಪ್ಪನಿಗೆ ಎಂದರೆ ಗುಡಿಗೆ ಒಯ್ಯುವುದಲ್ಲ. ಅದನ್ನು ಮುಟ್ಟುವಂತಿಲ್ಲ, ಅಷ್ಟೇ. ಬಲಗಡೆ ಹಿಂಡಿ ಮುಗಿಸಿ, ಮರಿ ಮುಚ್ಚಿಟ್ಟ ದೊಡ್ಡ ಬುಟ್ಟಿ ಎತ್ತಿ ಅದನ್ನು ಬಿಟ್ಟರೆ ಅದು ಎಡಗಡೆ ಬಾಯಿ ಹಾಕುತ್ತಿತ್ತು. ದೇವರು ಉಂಡು ಬಿಟ್ಟದ್ದನ್ನು ಮರಿ ಕುಡಿಯುತ್ತದೆ ಎಂದು ನಾನು ತಿಳಿದಿದ್ದೆ. ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ನನ್ನ ಕೈ ಹಿಡಿದು, ಈ ಕಡೆ ಕೈ ಹೋದರೆ ವಂಶ ಉಳಿಯುವುದಿಲ್ಲ ಎಂದು ತೋರಿಸಿಕೊಟ್ಟಿದ್ದರು.

ಕಿರಿಸ್ತಾನರ ನಾತಾಳ ಹಬ್ಬ ಬಂತು. ದವಾಖಾನೆಗೆ ಬೇರೆ ಊರಿನ ಬಿಳಿ ಮಂದಿ ಬರುತ್ತಾರೆ, ಇಮ್ಮಡಿ ಗಡ್ಡೆ ಬೇಕು ಎಂದ ಇನಾಸ. ಬಲಮೊಲೆಯಲ್ಲಿ ಅಷ್ಟು ಹಾಲು ಎಲ್ಲಿಂದ ಬರಬೇಕು? ಆಗುವುದಿಲ್ಲ ಎಂದೆ. ಅವನು ಸಿಟ್ಟಾಗಲಿಲ್ಲ. ಇರಲಿ ಬಿಡು, ಹಳ್ಳದ ಆಚೆ ಇನ್ನೊಬ್ಬರ ಆಡು ಇವೆ, ಅವರ ಸೊಸೆಗೂ ದಿನ ತುಂಬಿದೆ, ಅವರನ್ನು ಕೇಳುತ್ತೇನೆ ಎಂದು ಸೈಕಲ್ ತಿರುಗಿಸಿದ. ನಿಲ್ಲು ಎಂದೆ.

ಮರುದಿನ ಬೆಳಿಗ್ಗೆ ಭೋಂಗಾ ಕೂಗುವ ಹೊತ್ತಿಗೆ ಎಡಗಡೆ ಕೈ ಹಾಕಿದೆ. ಕೈ ನಡುಗಿತು, ಮೊದಲ ಧಾರೆ ತಂಬಿಗೆಯ ಹೊರಗೆ ಹೋಯಿತು. ಆಡು ತಿರುಗಿ ನೋಡಿತು. ಏನೂ ಆಗಲಿಲ್ಲ. ಸಿಡಿಲು ಬಡಿಯಲಿಲ್ಲ, ಹಾಲು ಕೆಂಪಾಗಲಿಲ್ಲ. ಹಬ್ಬ ಮುಗಿಯುವವರೆಗೆ ಮಾತ್ರ ಎಂದುಕೊಂಡೆ. ಹಬ್ಬ ಮುಗಿಯಿತು, ಇನಾಸ ಗಡ್ಡೆಯ ಲೆಕ್ಕ ಕಡಿಮೆ ಮಾಡಲಿಲ್ಲ, ನಾನೂ ಕೈ ತೆಗೆಯಲಿಲ್ಲ. ಹಿಂಡುವಾಗ ಯಾರೂ ನೋಡದಂತೆ ಬೆನ್ನು ಅಡ್ಡ ಮಾಡಿ ಕೂಡುತ್ತಿದ್ದೆ. ಪೂರ್ತಿ ಬತ್ತಿಸುತ್ತಿರಲಿಲ್ಲ, ತುಸು ಬಿಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮರಿಗಳ ಮುಂದೆ ಜಾಲಿಯ ಸೊಪ್ಪು ಕಡಿದು ಹಾಕುತ್ತಿದ್ದೆ. ಅವು ದಿನವೆಲ್ಲ ಒದರುತ್ತಿದ್ದವು. ಮರಿ ಒದರುವುದು ಹೊಸದಲ್ಲ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಕ್ರಾಂತಿ ಆಗಿ ಐದನೆಯ ದಿನಕ್ಕೆ ಮೊದಲನೆಯ ಮರಿ ಸತ್ತಿತು. ಕರಿದು, ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದು. ಬುಟ್ಟಿ ಎತ್ತಿದರೆ ಮಗ್ಗುಲಾಗಿ ಬಿದ್ದಿತ್ತು. ಚಳಿಗೆ ಹೋಯಿತು ಎಂದರು ಮಾವ. ಎರಡನೆಯದು ಮೂರು ದಿನದ ಮೇಲೆ. ಆಗ ಅತ್ತೆ ಬೇವಿನ ಹೊಗೆ ಹಾಕಿದರು, ಉಳಿದವುಗಳ ಕೊರಳಿಗೆ ಕರಿ ದಾರ ಕಟ್ಟಿದರು. ಮೂರನೆಯದು ಸತ್ತಾಗ ಮಾವ ಊಟ ಬಿಟ್ಟು ಎದ್ದರು. ಇದು ರೋಗವಲ್ಲ, ಬೀರಪ್ಪ ಮುನಿದಿದ್ದಾನೆ, ಯಾರೋ ಏನೋ ತಪ್ಪಿದ್ದಾರೆ ಎಂದರು. ಮೈಮೇಲೆ ದೇವರು ಬರುವ ಪೂಜಾರಿಯೊಬ್ಬ ಚಪಳಗಾಂವದಲ್ಲಿದ್ದ. ಅಮಾವಾಸ್ಯೆಗೆ ಅವನನ್ನು ಕರೆಸಿ ಹೇಳಿಕೆ ಕೇಳುವುದು ಎಂದಾಯಿತು.

ಆ ಅಮಾವಾಸ್ಯೆಗೆ ಹನ್ನೊಂದು ದಿನ ಇದ್ದವು. ಆ ಹನ್ನೊಂದು ದಿನ ನಾನು ಹೇಗೆ ಬದುಕಿದೆನೋ ಅದನ್ನು ಹೇಳಲು ಬರುವುದಿಲ್ಲ. ಕಣ್ಣ ಮುಂದೆ ಒಂದೇ ನೋಟ: ಪೂಜಾರಿ ಭಂಡಾರ ಎರಚಿ ಎಲ್ಲರ ಮುಂದೆ ನನ್ನ ಕಡೆ ಬೆರಳು ಮಾಡುತ್ತಾನೆ, ಅತ್ತೆ ಮಾವ ನನ್ನನ್ನು ತವರಿಗೆ ಅಟ್ಟುತ್ತಾರೆ. ಅದು ಸಣ್ಣ ಅಂಜಿಕೆ. ದೊಡ್ಡದು ಬೇರೆ ಇತ್ತು. ದೇವರ ಪಾಲು ನಾನು ತಿಂದೆ, ದೇವರು ಆಡಿನ ಮರಿಗಳನ್ನು ಒಯ್ಯುತ್ತಿದ್ದಾನೆ. ಅವು ಮುಗಿದ ಮೇಲೆ ಯಾರ ಮರಿ? ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಟ್ಟೆಯಲ್ಲಿನ ಕೂಸು ಅಲುಗಲಿಲ್ಲ. ಬದುವಿನ ಮೇಲೆ ಕೂತು ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು, ಬೀರಪ್ಪಾ ನನ್ನ ಕೈ ತಗೋ, ಕಣ್ಣು ತಗೋ ಎಂದು ಬೇಡಿಕೊಂಡೆ. ಬಿಸಿಲು ಇಳಿದ ಮೇಲೆ ಅದು ಒದ್ದಿತು. ಆದರೂ ಮರುದಿನ ಮತ್ತೆ ಎಡಗಡೆ ಹಿಂಡಿದೆ. ಇದನ್ನು ಮುಚ್ಚಿಡುವುದಿಲ್ಲ. ಎಡಗಡೆ ಹಿಂಡಿದರೆ ದೇವರ ಅಂಜಿಕೆ, ಬಿಟ್ಟರೆ ಖಾಟು ಹೋಗುವ ಅಂಜಿಕೆ. ಎರಡನೆಯದರ ಜೋರು ಹೆಚ್ಚಿತ್ತು, ಏಕೆಂದರೆ ಕೂಸಿನ ನೀಲಿ ಕೈಯನ್ನು ಕಣ್ಣಾರೆ ಕಂಡಿದ್ದೆ, ದೇವರನ್ನು ಕಂಡಿರಲಿಲ್ಲ.

ನಾಲ್ಕನೆಯ ಮರಿ ಸತ್ತ ದಿನ ಇನಾಸ ಬಂದ. ಒಣಗಿದ ಚೀಲ ಮುಗಿಯಲು ಬಂದಿತ್ತು. ಖಟೀಕರ ಹತ್ತಿರ ಎಳೆಯ ಮರಿ ಸಿಗುತ್ತಿರಲಿಲ್ಲವಂತೆ. ಹೇಗೂ ಸತ್ತಿದೆಯಲ್ಲ, ಇದರ ಹೊಟ್ಟೆಯ ಚೀಲ ಕೊಡು ಎಂದ. ಗಂಡಸರು ಅಡವಿಯಲ್ಲಿದ್ದರು, ಅತ್ತೆ ನೀರಿಗೆ ಹೋಗಿದ್ದರು. ಕೊಟ್ಟೆ. ಅವನು ಬೇವಿನ ಮರದ ಕೆಳಗೆ ಕಲ್ಲಿನ ಮೇಲಿಟ್ಟು, ಜೇಬಿನಿಂದ ಚಾಕು ತೆಗೆದು ಕೊಯ್ದ. ಚೀಲ ಹೊರಗೆ ತೆಗೆದು ಸೀಳಿ, ಬೆರಳು ಹಾಕಿ ತಿರುವಿ ನೋಡಿದ. ಆಮೇಲೆ ಅದನ್ನು ನನ್ನ ಮುಂದೆ ಒಗೆದ.

"ಇದು ಕೆಲಸಕ್ಕ ಬರೂದಿಲ್ಲ, ತಂಗಿ. ಹಾಲು ಕುಡಿದ ಮರೀ ಹೊಟ್ಟಿ ಬೇಕು. ಇದರಾಗ ನೋಡು, ಬರೇ ಜಾಲಿ ಸೊಪ್ಪು ಮತ್ತ ಮಣ್ಣು. ಹಾಲಿನ ಒಂದು ಗರಣಿ ಇಲ್ಲ."

ಬಗ್ಗಿ ನೋಡಿದೆ. ಹಾಲು ಕುಡಿದ ಮರಿಯ ಹೊಟ್ಟೆಯಲ್ಲಿ ಮೊಸರಿನಂತೆ ಬೆಳ್ಳಗೆ ಗರಣೆ ಕಟ್ಟಿರುತ್ತದೆ, ಸಣ್ಣವಳಿದ್ದಾಗಿನಿಂದ ಕಂಡದ್ದು. ಇದರಲ್ಲಿ ಹಸಿರು ರಾಡಿ, ಅದರೊಳಗೆ ಒಂದು ಹಿಡಿ ಮಣ್ಣು. ಹಸಿವಿಗೆ ನೆಲ ನೆಕ್ಕಿತ್ತು. ಇನಾಸ ಕೈ ಒರೆಸಿಕೊಂಡು, ಗಡ್ಡೆಯ ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ನಾನು ಅಲ್ಲೇ ಕೂತೆ.

ಬೀರಪ್ಪ ಏನೂ ಮಾಡಿರಲಿಲ್ಲ. ನಾನೇ ಮಾಡಿದ್ದು, ಈ ಹತ್ತು ಬೆರಳಿನಿಂದ. ಇದು ತಿಳಿದ ಮೇಲೆ ಅಂಜಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ದೇವರು ಮುನಿದಿದ್ದರೆ ತಪ್ಪುಕಾಣಿಕೆ ಇದೆ, ಉಪವಾಸ ಇದೆ, ಹರಕೆ ಇದೆ. ಹಸಿದು ಮಣ್ಣು ತಿಂದು ಸತ್ತ ಮರಿಗೆ ಏನು ಕೊಡಬೇಕು? ಇನ್ನೊಂದು ಕೂಸಿನ ತಾಯಿಯಾಗಲು ಹೊರಟವಳು ಬುಟ್ಟಿಯ ಕೆಳಗಿನ ಕೂಗು ಕೇಳಿಯೂ ಕೇಳದವಳಾಗಿದ್ದೆ. ನನಗೆ ನನ್ನದೇ ಅಂಜಿಕೆ ಹುಟ್ಟಿತು. ಅಂಥದ್ದು ಮತ್ತೆ ಯಾವತ್ತೂ ಆಗಿಲ್ಲ.

ಅತ್ತೆ ನೀರು ತಂದಿಳಿಸಿ ಜೋಳ ಹಸನು ಮಾಡಲು ಕೂತರು. ಎದುರಿಗೆ ಹೋಗಿ ಕೂತು ಎಡಗಡೆ ಹಿಂಡಿದ್ದನ್ನು ಹೇಳಿದೆ. ಮೊರದ ಮೇಲಿನ ಕೈ ನಿಂತಿತು.

"ಎಷ್ಟು ದಿನಾ ಆತು?"

"ನಾತಾಳದಿಂದ."

"ಎಡಮೊಲಿ ಬೀರಪ್ಪಂದು ಅಂತ ಯಾಕ ಹೇಳ್ಯಾರಂತ ಮಾಡೀ? ಮರೀದು ಅಂದ್ರ ಯಾರ ಕೇಳ್ತಾರ? ದೇವರದು ಅಂದ್ರ ಕೈ ನಡಗ್ತೈತಿ, ಅದಕ್ಕ. ನಿನಗ ನಡಗಲಿಲ್ಲೇನು?"

"ನಡಗಿತ್ರಿ."

"ಮತ್ತ?"

ಖಾಟಿನ ಮಾತು ಹೇಳಿದೆ, ಡಾಕ್ಟರ್ ಬಾಯಿಯ ಮಾತು ಹೇಳಿದೆ. ಹೋದ ಸಲದಂತೆ ಆದರೆ ನಾನು ಉಳಿಯುವುದಿಲ್ಲ ಎಂದೆ. ಬೈಯುತ್ತಾರೆ, ಮೊರದಿಂದ ಹೊಡೆಯುತ್ತಾರೆ ಎಂದು ತಲೆ ತಗ್ಗಿಸಿಕೊಂಡಿದ್ದೆ.

"ಹ್ವಾದ ವರ್ಷ ಕೂಸು ಹೋದಾಗ ನಿನಗೇನರ ಅಂದಿದ್ನೇನು?" ಎಂದರು ಅತ್ತೆ. "ಈಗೂ ಅನ್ನಾಂಗಿಲ್ಲ. ಏಳು. ಮರಿ ಬಿಡು. ಇವತ್ತ ಎರಡೂ ಕಡೆ ಕುಡೀಲಿ. ಗಂಡಸರಿಗೆ ನಾ ಹೇಳೂದಿಲ್ಲ, ನೀನೂ ಹೇಳಬ್ಯಾಡ."

ಹೋಗಿ ಬುಟ್ಟಿಗಳನ್ನೆಲ್ಲ ಮಗುಚಿದೆ. ಮರಿಗಳು ಕಾಲು ತಡವರಿಸುತ್ತ ಹೋಗಿ ಬಾಯಿ ಹಾಕಿದವು. ಒಂದಕ್ಕೆ ನಿಲ್ಲುವ ಶಕ್ತಿಯೂ ಇರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ಬತ್ತಿಯಿಂದ ಹಾಲು ಬಿಟ್ಟೆ. ಅದು ಕುಡಿಯಲಿಲ್ಲ, ಐದನೆಯದಾಗಿ ಹೋಯಿತು. ಅದೇ ಕಡೆಯದು.

ಅಮಾವಾಸ್ಯೆಗೆ ಪೂಜಾರಿ ಬಂದ. ಹಗಲು ಹೊತ್ತಿನಲ್ಲೇ ಬೇವಿನ ಕೆಳಗೆ ಡೊಳ್ಳು ಬಾರಿಸಿದರು, ಅವನ ಮೈ ತುಂಬಿತು. ನಾನು ಗುಡಿಸಲಿನ ಕಂಬ ಹಿಡಿದು ನಿಂತಿದ್ದೆ. ಹಿಂಡು ಈ ಹೊಲಕ್ಕೆ ಇಳಿಸುವಾಗ ಸೀಮೆಗೆ ಕಾಯಿ ಒಡೆದಿಲ್ಲ, ಅದಕ್ಕೇ ಹೀಗೆ ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾವ ಐದು ಕಾಯಿ ಒಡೆದರು. ಆಮೇಲೆ ಒಂದೂ ಮರಿ ಸಾಯಲಿಲ್ಲ ಎಂದು ಸಾಯುವವರೆಗೆ ಆ ಪೂಜಾರಿಯನ್ನು ಹೊಗಳಿದರು. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ನನಗೋ, ಸಿಕ್ಕಿಬಿದ್ದಿದ್ದರೇ ಚೆನ್ನಾಗಿತ್ತು ಅನಿಸಿತು. ಈಗ ಹೇಳದ ದೇವರು ಮುಂದಿನದಕ್ಕೆ ಇಟ್ಟುಕೊಂಡಿದ್ದಾನೆ ಎನ್ನುವುದು ತಲೆಯಿಂದ ಹೋಗಲೇ ಇಲ್ಲ.

ಇನಾಸನಿಗೆ ಇನ್ನು ಗಡ್ಡೆ ಇಲ್ಲ ಎಂದೆ. ಮರಿಗಳು ಸತ್ತದ್ದು ಹೇಳಿದೆ. ಅವನು ತಲೆ ಅಲ್ಲಾಡಿಸಿ, ಖಾಟು ನನ್ನ ಕೈಯಲ್ಲಿಲ್ಲ ತಂಗಿ, ಹೆಸರು ಕೇಳಿದವರು ಮರೆತರೆ ನಾನೇನು ಮಾಡಲಿ ಎಂದು ಸೈಕಲ್ ಹತ್ತಿದ. ಮತ್ತೆ ಬರಲಿಲ್ಲ.

ಯುಗಾದಿಗೆ ನಾಲ್ಕು ದಿನ ಇದ್ದಾಗ ಬೆಳಗಿನ ಭೋಂಗಾದ ಹೊತ್ತಿಗೆ ಬೇನೆ ಶುರುವಾಯಿತು. ದವಾಖಾನೆಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ. ಪಡಸಾಲೆಯಲ್ಲಿ ಮಂದಿಯ ಕಾಲಡಿ ಬಿದ್ದು ಸಾಯುವುದಕ್ಕಿಂತ ಹೊಲದಲ್ಲೇ ಸಾಯುತ್ತೇನೆ ಎಂದೆ. ಅತ್ತೆ ಹೊಲದವರ ಬಂಡಿ ತಂದು, ಹುಲ್ಲು ಹಾಸಿ, ನನ್ನನ್ನು ರಟ್ಟೆ ಹಿಡಿದು ಹತ್ತಿಸಿದರು. ದಾರಿಯುದ್ದಕ್ಕೂ ಗಾಲಿ ಗುಂಡಿಗೆ ಬಿದ್ದಾಗಲೆಲ್ಲ ಹಳೆಯ ಕೂಸಿನ ನೀಲಿ ಕೈ ಕಣ್ಣಿಗೆ ಬರುತ್ತಿತ್ತು.

ದವಾಖಾನೆಯ ಬಾಗಿಲಲ್ಲಿ ಬಿಳಿ ಡಾಕ್ಟರ್ ಬಾಯಿಯೇ ನಿಂತಿದ್ದರು. ಎತ್ತರದ ಹೆಂಗಸು, ತೋಳು ಮಡಚಿದ ಅಂಗಿ. ಮರಾಠಿಯಲ್ಲಿ ಹೆಸರೇನು, ಯಾವ ಊರು, ಎಷ್ಟನೆಯದು ಎಂದು ಕೇಳಿದರು. ಹೆಸರು ಹೇಳಿದೆ. ಅವರ ಮುಖದಲ್ಲಿ ಗುರುತಿನ ಸುಳಿವೇ ಕಾಣಲಿಲ್ಲ. ಬೇನೆಯ ನಡುವೆಯೇ ಅವರ ಕೈ ಹಿಡಿದುಕೊಂಡು, "ಗಡ್ಡಿ ಮಾಡಿ ಕಳಸ್ತಿದ್ನಲ್ರಿ, ಆಡಿನ ಹಾಲಿಂದು, ನಾನರಿ ಅಕಿ" ಎಂದೆ. ಅವರು ಪಕ್ಕದ ನರ್ಸ್ ಕಡೆ ನೋಡಿದರು. ಅವಳು ನಮ್ಮ ಕಡೆಯವಳೇ. ಮರಾಠಿಯಲ್ಲಿ ತಿಳಿಸಿ ಹೇಳಿದಳು. ಡಾಕ್ಟರ್ ಬಾಯಿ ಏನೋ ಅಂದರು.

"ಅದನ್ನ ಅಡಿಗಿಯವ ತಾನ ಮಾಡ್ತಾನಂತ ಅವರು ತಿಳದಾರ," ಎಂದಳು ನರ್ಸ್. "ಅದೆಲ್ಲಾ ಈಗ ಯಾಕ? ನಡಿ ಒಳಗ."

ಒಳಗೆ ಉದ್ದನೆಯ ಕೋಣೆ, ಎರಡೂ ಮಗ್ಗುಲಿಗೆ ಖಾಟುಗಳು. ನನ್ನನ್ನು ಕಿಟಕಿಯ ಹತ್ತಿರದ ಒಂದಕ್ಕೆ ಏರಿಸಿದರು. ಖಾಟಿಗೆ ಗುರುತು ಬೇಕಲ್ಲವೇ ಎಂದು ಕೇಳಿದೆ. ನರ್ಸ್ ನಕ್ಕಳು. ಬಂದವರನ್ನು ಮಲಗಿಸಲಿಕ್ಕೇ ಖಾಟು ಇರುವುದು, ಪಡಸಾಲೆಯಲ್ಲಿ ಕೂತವರು ಬಾಣಂತಿಯರ ಕಡೆಯ ಮಂದಿ ಎಂದಳು.

ಕೂಸು ಅಡ್ಡ ಇತ್ತು. ಡಾಕ್ಟರ್ ಬಾಯಿ ಅದು ಹೊರಬರುವವರೆಗೆ ನನ್ನನ್ನು ಬಿಟ್ಟು ಕದಲಲಿಲ್ಲ. ಊರಲ್ಲಿದ್ದಿದ್ದರೆ ಇಬ್ಬರೂ ಹೋಗುತ್ತಿದ್ದೆವು, ಅದರಲ್ಲಿ ಸುಳ್ಳಿಲ್ಲ. ಸಂಜೆಯ ಭೋಂಗಾಕ್ಕೆ ಮೊದಲು ಹೆಣ್ಣು ಕೂಸು ಹುಟ್ಟಿತು. ಕೆಂಪಗಿತ್ತು, ಕಿರುಚಿತು. ಮುಖ ತೋರಿಸು ಎನ್ನುವ ಮೊದಲೇ ಅತ್ತೆ ತಂದು ಎದೆಯ ಮೇಲಿಟ್ಟರು. ಬಾಯಿ ಹಚ್ಚಿಕೊಂಡು ಜೋರಾಗಿ ಎಳೆಯಿತು.

ಆಗ ಕತ್ತು ತಿರುಗಿಸಿ ನೋಡಿದೆ. ನನ್ನ ಮಗ್ಗುಲಿನ ಖಾಟು ಖಾಲಿ ಇತ್ತು. ಅದರ ಆಚೆಯದೂ ಖಾಲಿ. ಬಿಳಿ ಹಾಸಿಗೆ, ಮಡಚಿಟ್ಟ ಕಂಬಳಿ, ಯಾರೂ ಇಲ್ಲ. ಬೆಳಗಿನಿಂದ ಖಾಲಿ ಇದ್ದವು, ದಿನವೂ ಇರುತ್ತಿದ್ದವಂತೆ. ಅಳು ತಡೆಯಲಾಗಲಿಲ್ಲ. ಹೆಣ್ಣು ಹುಟ್ಟಿತೆಂದು ಅಳುತ್ತಾಳೆ ಎಂದು ನರ್ಸ್ ಸಮಾಧಾನ ಹೇಳಲು ಬಂದಳು. ಅತ್ತೆ ಆ ಖಾಲಿ ಖಾಟುಗಳನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅಳಲಿ ಬಿಡವ್ವಾ ಎಂದರು.